ಮೊದಲು ಬೆಳಕು, ಆಮೇಲೆ ಕತ್ತರಿ

ಬೆಳಗಿನ ಪಾಳಿ ಶುರುವಾಗುವ ಹೊತ್ತು. ಕನಕಪುರ ರಸ್ತೆಯಿಂದ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಡೆಗೆ ಕಂಪನಿ ಬಸ್ಸುಗಳು ಒಂದರ ಹಿಂದೊಂದು ತಿರುಗಿಕೊಳ್ಳುತ್ತವೆ. ಜಲ್ಲಿ ಲಾರಿಗಳು ಎಬ್ಬಿಸಿದ ದೂಳು ಇನ್ನೂ ಕೂತಿರುವುದಿಲ್ಲ. ಗೇಟಿನಲ್ಲಿ ಹಾಜರಿ ಹಾಕಲು ಸಾಲು. ಒಳಗೆ ಹೋದರೆ ರಿಸೆಪ್ಶನ್ ಕೌಂಟರಿನ ಮೇಲೆ, ಸ್ಟೋರ್ಸ್‌ನವರ ಕಂಪ್ಯೂಟರ್ ಪಕ್ಕ, ಮ್ಯಾನೇಜರ್ ಕೋಣೆಯ ಕಿಟಕಿ ಕಟ್ಟೆಯಲ್ಲಿ ಅಂಗೈ ಅಗಲದ ಬಿಳಿ ಪಿಂಗಾಣಿ ಕುಂಡಗಳು. ಜೂನ್ 5ರ ಪರಿಸರ ದಿನಕ್ಕೆ ಹಂಚಿದ್ದೋ, ಯಾರದೋ ಬೀಳ್ಕೊಡುಗೆಯಲ್ಲಿ ಬಂದದ್ದೋ, ಅಂತೂ ಪ್ರತಿ ಆಫೀಸಿನಲ್ಲೂ ಒಂದೆರಡು ಸಕ್ಯುಲೆಂಟ್ ಇದ್ದೇ ಇರುತ್ತವೆ.

ತಂದಾಗ ದಪ್ಪ ಎಲೆಗಳು ಸುತ್ತಲೂ ಒತ್ತೊತ್ತಾಗಿ ಕೂತಿದ್ದ ಗಿಡ ಕೆಲವೇ ತಿಂಗಳಲ್ಲಿ ಗೇಣುದ್ದ ಬೆಳೆದು ಕಿಟಕಿಯತ್ತ ಕತ್ತು ಚಾಚಿರುತ್ತದೆ. ಕೆಳಗಿನ ಎಲೆ ಉದುರಿ ಕಾಂಡ ಬೋಳಾಗಿರುತ್ತದೆ. ಎಲೆಗೂ ಎಲೆಗೂ ನಡುವೆ ಬೆರಳು ತೂರುವಷ್ಟು ಜಾಗ. ಬಣ್ಣ ಬಿಳಿಚಿಕೊಂಡಿರುತ್ತದೆ. ‘ಚೆನ್ನಾಗಿ ಬೆಳೀತಿದೆ’ ಎಂದು ಒಬ್ಬರು ಇನ್ನೊಂದು ಲೋಟ ನೀರು ಸುರಿಯುತ್ತಾರೆ. ‘ಇದರ ಕಥೆ ಮುಗೀತು’ ಎಂದು ಇನ್ನೊಬ್ಬರು ಕಸದ ಡಬ್ಬಿಗೆ ಹಾಕುತ್ತಾರೆ.

ಇಬ್ಬರೂ ಅವಸರಪಟ್ಟವರೇ. ಈ ಗಿಡ ಬೆಳೆಯುತ್ತಿಲ್ಲ, ಬೆಳಕು ಹುಡುಕುತ್ತಿದೆ. ಹಾಗೆಂದು ಸತ್ತೂ ಇಲ್ಲ. ಅದನ್ನು ಮೊದಲಿನ ಆಕಾರಕ್ಕೆ ತರಬಹುದು. ಒಂದು ಗಿಡದಿಂದ ಐದಾರು ಗಿಡ ಮಾಡಿಕೊಳ್ಳಲೂಬಹುದು. ಆದರೆ ಕೆಲಸದ ಅನುಕ್ರಮ ತಪ್ಪಬಾರದು. ಮೊದಲು ಬೆಳಕಿನ ವ್ಯವಸ್ಥೆ, ಕತ್ತರಿ ಆಮೇಲೆ.

ನೀಳವಾಗುವುದು ಏಕೆ?

ಕತ್ತಲಿಗೆ ಸಿಕ್ಕಿದ ಗಿಡ ತನ್ನ ಖರ್ಚಿನ ಪಟ್ಟಿಯನ್ನೇ ಬದಲಿಸುತ್ತದೆ. ಎಲೆ ದಪ್ಪವಾಗಿಸುವುದು, ಬಣ್ಣ ಕಟ್ಟುವುದು, ಕಾಂಡ ಗಟ್ಟಿ ಮಾಡುವುದು ಎಲ್ಲವನ್ನೂ ಬದಿಗಿಟ್ಟು, ಇರುವ ಶಕ್ತಿಯನ್ನು ಉದ್ದಕ್ಕೆ ಸುರಿಯುತ್ತದೆ. ಕಾಡಿನಲ್ಲಿ ಇದು ಜಾಣತನ. ಪಕ್ಕದ ಪೊದೆಯ ನೆರಳನ್ನು ದಾಟಿ ನಾಲ್ಕು ಬೆರಳು ಮೇಲೆದ್ದರೆ ಬಿಸಿಲು ಸಿಗುತ್ತದೆ. ಆಫೀಸಿನ ಮೇಜಿನ ಮೇಲೆ ಎಷ್ಟು ಎದ್ದರೂ ಸಿಗುವುದು ಅದೇ ಟ್ಯೂಬ್‌ಲೈಟ್.

ಒಂದೇ ಕಡೆಗೆ ಬಾಗುವುದಕ್ಕೂ ಕಾರಣವಿದೆ. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ 1880ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹುಲ್ಲಿನ ಎಳೆ ಮೊಳಕೆಗಳ ಮೇಲೆ ಮಾಡಿದ ಪ್ರಯೋಗಗಳನ್ನು ವಿವರಿಸಿದ್ದರು. ಮೊಳಕೆಯ ತುದಿಗೆ ಬೆಳಕು ತೂರದ ಟೋಪಿ ತೊಡಿಸಿದರೆ ಅದು ಬೆಳಕಿನತ್ತ ಬಾಗುತ್ತಿರಲಿಲ್ಲ. ಬೆಳಕನ್ನು ಗುರುತಿಸುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ ಎಂದಾಯಿತು. ತುದಿಯಿಂದ ಕೆಳಗೆ ಹೋಗುವ ಸಂದೇಶ ಏನೆಂಬುದನ್ನು 1920ರ ದಶಕದಲ್ಲಿ ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್ ತೋರಿಸಿಕೊಟ್ಟರು. ಅದೇ ಆಕ್ಸಿನ್ ಎಂಬ ಹಾರ್ಮೋನು. ಬೆಳಕು ಬೀಳದ ಮಗ್ಗುಲಿಗೆ ಅದು ಹೆಚ್ಚು ಸರಿಯುತ್ತದೆ, ಆ ಮಗ್ಗುಲಿನ ಕೋಶಗಳು ಹೆಚ್ಚು ಹಿಗ್ಗುತ್ತವೆ, ಕಾಂಡ ಬೆಳಕಿನ ಕಡೆಗೆ ವಾಲುತ್ತದೆ.

ಇಲ್ಲೊಂದು ಮಾತು ಮನಸ್ಸಿನಲ್ಲಿರಲಿ. ಒಮ್ಮೆ ಹಿಗ್ಗಿದ ಕಾಂಡ ಮತ್ತೆ ಕುಗ್ಗುವುದಿಲ್ಲ. ನಾಳೆಯೇ ಗಿಡವನ್ನು ಬಿಸಿಲಿಗಿಟ್ಟರೂ ಹೊಸದಾಗಿ ಬರುವ ಎಲೆಗಳು ಮಾತ್ರ ಒತ್ತಾಗಿರುತ್ತವೆ. ಕೆಳಗಿನ ಬೋಳು ಕಾಂಡ ಬೋಳಾಗಿಯೇ ಉಳಿಯುತ್ತದೆ. ಕತ್ತರಿ ಬೇಕಾಗುವುದು ಇದೇ ಕಾರಣಕ್ಕೆ.

ನಮ್ಮ ಕಿಟಕಿಯ ಲೆಕ್ಕ ಬೇರೆ

ಮಧ್ಯಾಹ್ನದ ಬಯಲಿನಲ್ಲಿ ಬಿಸಿಲಿನ ಪ್ರಮಾಣ ಸುಮಾರು 1 ಲಕ್ಷ ಲಕ್ಸ್. ಚೆನ್ನಾಗಿ ದೀಪ ಹಾಕಿದ ಆಫೀಸಿನ ಮೇಜಿನ ಮೇಲೆ ಸಿಗುವುದು 300ರಿಂದ 500 ಲಕ್ಸ್. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಈ ಅಗಾಧ ಅಂತರ ನಮಗೆ ಗೊತ್ತೇ ಆಗುವುದಿಲ್ಲ. ಗಿಡಕ್ಕೆ ಗೊತ್ತಾಗುತ್ತದೆ. ಕಾರ್ಖಾನೆ ಕಟ್ಟಡಗಳಲ್ಲಿ ಹಾಕುವ ಕಪ್ಪು, ನೀಲಿ ಛಾಯೆಯ ಗಾಜು ಬೆಳಕನ್ನು ಇನ್ನೂ ಸೋಸಿಬಿಡುತ್ತದೆ.

ಸಕ್ಯುಲೆಂಟನ್ನು ದಕ್ಷಿಣದ ಕಿಟಕಿಯಲ್ಲಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಯುರೋಪು, ಅಮೆರಿಕಗಳಲ್ಲಿ ಹುಟ್ಟಿದ ಸಲಹೆ. ಅಲ್ಲಿ ಸೂರ್ಯ ವರ್ಷವಿಡೀ ದಕ್ಷಿಣಕ್ಕೆ ವಾಲಿರುತ್ತಾನೆ. ಹಾರೋಹಳ್ಳಿ ಇರುವುದು ಸುಮಾರು 12.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೇ ವಾರದಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನ ಶಾಲೆಗಳಲ್ಲಿ ಮಕ್ಕಳು ‘ಶೂನ್ಯ ನೆರಳಿನ ದಿನ’ ಎಂದು ಕಡ್ಡಿ ನೆಟ್ಟು ನೋಡುವುದು ಅದನ್ನೇ. ಈ ಎರಡು ದಿನಗಳ ನಡುವಿನ ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆ ಇರುತ್ತಾನೆ.

ಆ ನಾಲ್ಕು ತಿಂಗಳಲ್ಲಿ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ. ಮೇಲೆ ಸಜ್ಜಾ ಬೇರೆ. ಜೊತೆಗೆ ಮುಂಗಾರಿನ ಮೋಡ. ಡಿಸೆಂಬರ್‌ನಲ್ಲಾದರೆ ಸೂರ್ಯ ದಕ್ಷಿಣಕ್ಕೆ ಇಳಿದು ಅದೇ ಕಿಟಕಿಯಿಂದ ಒಳಗೆ ಬಿಸಿಲು ಚೆಲ್ಲುತ್ತಾನೆ. ಜನವರಿಯಲ್ಲಿ ದುಂಡಗೆ ಕೂತಿದ್ದ ಗಿಡ ಜುಲೈ ಹೊತ್ತಿಗೆ ಕಡ್ಡಿಯಾಗುವುದರ ಗುಟ್ಟು ಇದು. ಜಾಗ ಬದಲಾಗಿರುವುದಿಲ್ಲ, ಜಾಗಕ್ಕೆ ಬರುವ ಬೆಳಕು ಬದಲಾಗಿರುತ್ತದೆ.

ನಮ್ಮ ಕಡೆ ನಂಬಬಹುದಾದದ್ದು ಪೂರ್ವದ ಕಿಟಕಿ ಅಥವಾ ಜಗಲಿ. ವರ್ಷವಿಡೀ ಬೆಳಗಿನ ಬಿಸಿಲು ಸಿಗುತ್ತದೆ, ಸುಡುವುದಿಲ್ಲ. ಪಶ್ಚಿಮದ ಕಿಟಕಿಯೂ ಆದೀತು, ಆದರೆ ಮಾರ್ಚ್‌ನಿಂದ ಮೇವರೆಗೆ ತೆಳು ಪರದೆ ಬೇಕು. ಪರೀಕ್ಷೆ ಮಾಡಲು ಉಪಕರಣ ಬೇಕಿಲ್ಲ. ಹಗಲಿನಲ್ಲಿ ಕುಂಡದ ಮೇಲೆ ಒಂದಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ. ಬೆರಳುಗಳ ಅಂಚು ಸ್ಪಷ್ಟವಾಗಿ ಕಾಣುವ ನೆರಳು ಬಿದ್ದರೆ ಬೆಳಕು ಸಾಕು. ಮಸುಕು ನೆರಳಾದರೆ ಗಿಡ ನೀಳವಾಗುತ್ತದೆ. ನೆರಳೇ ಬೀಳದಿದ್ದರೆ ಅದು ಸಕ್ಯುಲೆಂಟಿನ ಜಾಗವಲ್ಲ.

ಲಾಲ್‌ಬಾಗಿನ ವೈದ್ಯ ಕಂಡ ಹುಳಿ

ಬೆಳಕು ಕಡಿಮೆಯಾದಾಗ ನೀರು ಏಕೆ ವಿಷವಾಗುತ್ತದೆ ಎಂಬುದಕ್ಕೆ ಉತ್ತರ ಈ ಗಿಡಗಳ ಉಸಿರಾಟದ ಕ್ರಮದಲ್ಲಿದೆ. ಆ ಕ್ರಮವನ್ನು ಮೊದಲು ಬರೆದಿಟ್ಟವರಲ್ಲಿ ಒಬ್ಬ ಬೆಂಗಳೂರಿನ ನಂಟಿದ್ದವನು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಲಾಲ್‌ಬಾಗ್ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಕೆಲ ವರ್ಷ ಅದರ ಉಸ್ತುವಾರಿ ನೋಡಿಕೊಂಡವನು ಬೆಂಜಮಿನ್ ಹೈನ್. ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆಯಲ್ಲಿ ವೈದ್ಯನೂ ಸಸ್ಯತಜ್ಞನೂ ಆಗಿದ್ದವನು. ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ 1815ರಲ್ಲಿ ಅಚ್ಚಾದ ಅವನ ಪತ್ರವೊಂದು ನಮ್ಮ ಹಿತ್ತಿಲುಗಳಲ್ಲಿ ಬೆಳೆಯುವ ಕಾಡುಬಸಳೆಯ ಬಗ್ಗೆ ವಿಚಿತ್ರ ಸಂಗತಿ ಹೇಳುತ್ತದೆ. ಅದರ ಎಲೆ ಬೆಳಿಗ್ಗೆ ಕಟುವಾಗಿ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ಕೊಂಚ ಕಹಿ.

ಕಾರಣ ಆಮೇಲೆ ತಿಳಿಯಿತು. ಉಳಿದ ಬಹುಪಾಲು ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಆಗ ನೀರಿನ ಆವಿಯೂ ಹೊರಹೋಗುತ್ತದೆ. ಕಾಡುಬಸಳೆ, ಜೇಡ್ ಗಿಡ, ಎಚೆವೆರಿಯಾ, ಲೋಳೆಸರಗಳು ರಂಧ್ರ ತೆರೆಯುವುದು ಮುಖ್ಯವಾಗಿ ರಾತ್ರಿ. ಎಳೆದುಕೊಂಡ ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ದಾಸ್ತಾನು ಮಾಡುತ್ತವೆ. ಬೆಳಗಿನ ಹುಳಿ ಆ ಆಮ್ಲದ್ದು. ಹಗಲಿನಲ್ಲಿ ರಂಧ್ರ ಮುಚ್ಚಿಕೊಂಡು ಆ ದಾಸ್ತಾನನ್ನು ಬಿಸಿಲಿನ ನೆರವಿನಿಂದ ಸಕ್ಕರೆಯಾಗಿ ಪರಿವರ್ತಿಸುತ್ತವೆ. ಅನಾನಸು, ಕತ್ತಾಳೆ, ಡ್ರ್ಯಾಗನ್ ಫ್ರೂಟ್ ಕೂಡ ಇದೇ ದಾರಿಯವು.

ಶಾಲೆಯಲ್ಲಿ ಇದನ್ನು ಪಿಎಚ್ ಕಾಗದದಿಂದ ಮಕ್ಕಳಿಗೆ ತೋರಿಸಬಹುದು: ಮುಂಜಾನೆ ಕಿತ್ತ ಎಲೆಯ ರಸ, ಸಂಜೆ ಕಿತ್ತ ಎಲೆಯ ರಸ, ಎರಡರ ಬಣ್ಣ ಹೋಲಿಸಿದರಾಯಿತು. ಬಾಯಿಗೆ ಹಾಕಿಕೊಳ್ಳುವುದು ಬೇಡ. ಕಾಡುಬಸಳೆಯಲ್ಲಿ ಹೃದಯದ ಮೇಲೆ ಪರಿಣಾಮ ಮಾಡುವ ವಿಷಾಂಶಗಳಿವೆ.

ಮನೆಗಿಡಕ್ಕೆ ಇದರಿಂದ ಬರುವ ಪಾಠ ನೇರವಾದದ್ದು. ಇಂಥ ಗಿಡ ನೀರನ್ನು ಬಹಳ ನಿಧಾನ ಖರ್ಚು ಮಾಡುತ್ತದೆ. ಬೆಳಕೂ ಇಲ್ಲವೆಂದರೆ ಖರ್ಚು ಇನ್ನೂ ನಿಧಾನ. ಹಾಕಿದ ನೀರು ಕುಂಡದಲ್ಲೇ ನಿಂತು ಬೇರಿಗೆ ಗಾಳಿ ಸಿಗದಂತಾಗುತ್ತದೆ, ಬೇರು ಕೊಳೆಯುತ್ತದೆ. ಆಫೀಸಿನ ಸಕ್ಯುಲೆಂಟುಗಳು ಬಾಯಾರಿ ಸಾಯುವುದು ಅಪರೂಪ. ಮಿಕ್ಕ ನೀರನ್ನೆಲ್ಲ ಕುಂಡಕ್ಕೆ ಸುರಿದು ಮನೆಗೆ ಹೊರಡುವವರ ಅಕ್ಕರೆಯಿಂದಲೇ ಹೆಚ್ಚಿನವು ಹೋಗುತ್ತವೆ.

ಕತ್ತರಿ ಎಲ್ಲಿ ಬೀಳಬೇಕು?

ಗಿಡಕ್ಕೆ ಬೆಳಕಿನ ಜಾಗ ಸಿಕ್ಕಿದೆ ಎಂದಿಟ್ಟುಕೊಳ್ಳಿ. ಈಗ ಕತ್ತರಿ ಹಿಡಿಯಬಹುದು. ಬೇಕಾದದ್ದು ಹರಿತವಾದ ಬ್ಲೇಡು ಅಥವಾ ಕಟರ್, ಒರೆಸಲು ಸ್ವಲ್ಪ ಸ್ಪಿರಿಟ್, ಒಂದು ಹಾಳೆ.

ಮೇಲಿನ ಎಲೆಗುಚ್ಛ ಚೆನ್ನಾಗಿದ್ದರೆ ಅದರ ಕೆಳಗೆ ಎರಡು ಬೆರಳಿನಷ್ಟು ಕಾಂಡ ಬಿಟ್ಟು ಅಡ್ಡಕ್ಕೆ ಕತ್ತರಿಸಿ. ಗುಚ್ಛಕ್ಕೆ ತೀರ ಹತ್ತಿರ ಕತ್ತರಿಸಿದರೆ ನೆಡಲು ಹಿಡಿ ಸಿಗುವುದಿಲ್ಲ, ಎಲೆಗಳು ಮಣ್ಣಿಗೆ ತಾಗಿ ಕೊಳೆಯುತ್ತವೆ. ಕತ್ತರಿಸಿದ ಮುಖ ನೋಡಿ. ಅದು ತಿಳಿಹಸಿರು ಅಥವಾ ಬಿಳಿಯಾಗಿ ಇಡಿಯಾಗಿದ್ದರೆ ಸರಿ. ನಡುವೆ ಕಂದು ಚುಕ್ಕೆ, ಕಪ್ಪು ಉಂಗುರ ಕಂಡರೆ ಕೊಳೆ ಅಲ್ಲಿಯವರೆಗೆ ಹತ್ತಿದೆ ಎಂದರ್ಥ. ಬ್ಲೇಡು ಒರೆಸಿ, ಇನ್ನಷ್ಟು ಮೇಲೆ ಕತ್ತರಿಸಿ. ಮುಖ ಪೂರ್ತಿ ಶುದ್ಧವಾಗುವವರೆಗೆ ಹೀಗೇ ಮಾಡಿ.

ಕುಂಡದಲ್ಲಿ ಉಳಿದ ಮೋಟನ್ನು ಎಸೆಯಬೇಡಿ. ಅವರೆ, ಮೆಣಸಿನ ಗಿಡದ ಕುಡಿ ಚಿವುಟಿದರೆ ಪಕ್ಕದಲ್ಲಿ ಕವಲೊಡೆಯುವುದು ರೈತರಿಗೆ ಗೊತ್ತಿರುವ ವಿಚಾರ. ಇಲ್ಲೂ ಅದೇ. ತುದಿಯಿಂದ ಇಳಿಯುತ್ತಿದ್ದ ಆಕ್ಸಿನ್ ಕೆಳಗಿನ ಮೊಗ್ಗುಗಳನ್ನು ಮಲಗಿಸಿಟ್ಟಿತ್ತು. ತುದಿ ಹೋದ ಮೇಲೆ ಎಲೆ ಉದುರಿದ ಗುರುತುಗಳ ಪಕ್ಕ ಸಾಸಿವೆ ಗಾತ್ರದ ಚಿಗುರುಗಳು ಏಳುತ್ತವೆ. ಮೋಟಿನಲ್ಲಿ ನಾಲ್ಕೈದು ಎಲೆ ಉಳಿಸಿದ್ದರೆ ಚಿಗುರು ಬೇಗ ಬರುತ್ತದೆ. ಒಂದು ಮೋಟಿನಿಂದ ಮೂರು ನಾಲ್ಕು ಹೊಸ ಗುಚ್ಛ ಬರುವುದು ಮಾಮೂಲು. ಅವು ನಾಣ್ಯದಗಲ ಆದ ಮೇಲೆ ಬೇರ್ಪಡಿಸಿ ನೆಡಬಹುದು, ಇಲ್ಲವೇ ಹಾಗೇ ಬಿಟ್ಟು ಪೊದೆ ಮಾಡಿಕೊಳ್ಳಬಹುದು.

ರೇಷ್ಮೆ ನಾಡಿನ ಕಸುಬು, ಒಂದು ತಿದ್ದುಪಡಿಯೊಂದಿಗೆ

ಕಡ್ಡಿಯಿಂದ ಗಿಡ ಮಾಡುವುದು ಈ ಸೀಮೆಗೆ ಹೊಸದೇನಲ್ಲ. ರಾಮನಗರದ ಗೂಡು ಮಾರುಕಟ್ಟೆಗೆ ಬರುವ ರೇಷ್ಮೆಯ ಹಿಂದೆ ಕನಕಪುರ, ಮಾಗಡಿ, ಚನ್ನಪಟ್ಟಣಗಳ ಹಿಪ್ಪುನೇರಳೆ ತೋಟಗಳಿವೆ. ಚನ್ನಪಟ್ಟಣ ತಾಲ್ಲೂಕಿನ ಕಣ್ವ ರೇಷ್ಮೆ ಕ್ಷೇತ್ರದಲ್ಲಿ ಆರಿಸಿದ ಕಣ್ವ-2 ತಳಿ, ಆಮೇಲೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ಬಂದ ವಿ-1, ಎರಡೂ ಹೊಲದಿಂದ ಹೊಲಕ್ಕೆ ಹರಡಿದ್ದು ಕಡ್ಡಿಯ ಮೂಲಕ. ಬೀಜದಿಂದ ಬೆಳೆದ ಸಸಿ ತಾಯಿಯಂತೆಯೇ ಇರುತ್ತದೆ ಎಂಬ ಖಾತರಿಯಿಲ್ಲ. ಕಡ್ಡಿಯಿಂದ ಬಂದದ್ದು ತಾಯಿಯ ಪಡಿಯಚ್ಚು.

ಹಿಪ್ಪುನೇರಳೆಗೆ ಮೂರು ನಾಲ್ಕು ಕಣ್ಣಿರುವ, ಪೆನ್ಸಿಲ್ ದಪ್ಪದ ಕಡ್ಡಿ ಕತ್ತರಿಸಿ, ನೆಡುವವರೆಗೂ ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಲ್ಲಿಡುತ್ತಾರೆ. ಕಡ್ಡಿ ಒಣಗಿದರೆ ಕೆಟ್ಟಿತು. ಸಕ್ಯುಲೆಂಟಿನಲ್ಲಿ ಈ ಒಂದು ನಿಯಮ ಪೂರ್ತಿ ತಿರುಗುಮುರುಗು. ಇಲ್ಲಿ ಒಣಗಿಸದಿದ್ದರೆ ಕೆಟ್ಟಿತು.

ಸಕ್ಯುಲೆಂಟಿನ ಕಾಂಡದ ತುಂಬ ನೀರು. ಹಸಿ ಗಾಯವನ್ನು ಒದ್ದೆ ಮಣ್ಣಿಗೆ ಒತ್ತಿದರೆ ಬೂಷ್ಟು, ಬ್ಯಾಕ್ಟೀರಿಯಾ ನೇರ ಒಳಗೆ ಇಳಿಯುತ್ತವೆ. ಆದ್ದರಿಂದ ಕತ್ತರಿಸಿದ ತುಂಡನ್ನು ಹಾಳೆಯ ಮೇಲೆ, ಗಾಳಿಯಾಡುವ ನೆರಳಿನಲ್ಲಿ ಇಡಬೇಕು. ತೆಳು ಕಾಂಡಕ್ಕೆ ಮೂರು ನಾಲ್ಕು ದಿನ, ಹೆಬ್ಬೆರಳು ದಪ್ಪದ ಜೇಡ್ ಕಾಂಡಕ್ಕೆ ವಾರ ಅಥವಾ ಹತ್ತು ದಿನ. ಗಾಯದ ಮೇಲೆ ಗಟ್ಟಿ ಒಣ ಪದರ ಕಟ್ಟಬೇಕು. ಬೆರಳಿಟ್ಟರೆ ಜಿಗುಟು ಇರಬಾರದು. ಅಷ್ಟು ದಿನ ಅದು ಬದುಕಿರುವುದು ತನ್ನ ಎಲೆಗಳಲ್ಲಿರುವ ನೀರಿನಿಂದಲೇ. ಕೊಂಚ ಸುಕ್ಕಾದರೆ ಗಾಬರಿ ಬೇಡ. ನೀರು ಕಡಿಮೆಯಾದ ತುಂಡು ಬೇರು ಬಿಡಲು ತಡ ಮಾಡುವುದಿಲ್ಲ.

ಆಮೇಲೆ ಒಣ ಮಣ್ಣಿನಲ್ಲಿ ನೆಟ್ಟು, ನಾಲ್ಕೈದು ದಿನ ಬಿಟ್ಟು ಮೊದಲ ಬಾರಿಗೆ ನೀರು ಕೊಡಿ. ಎರಡರಿಂದ ನಾಲ್ಕು ವಾರದಲ್ಲಿ ಬೇರು ಬರುತ್ತದೆ. ನೋಡುವ ಆಸೆಗೆ ದಿನಾ ಕಿತ್ತು ನೋಡಿದರೆ ಬಂದ ಬೇರೂ ಮುರಿಯುತ್ತದೆ. ಮೆಲ್ಲಗೆ ಅಲ್ಲಾಡಿಸಿದಾಗ ಗಿಡ ಮಣ್ಣು ಕಚ್ಚಿ ಹಿಡಿದಿದ್ದರೆ ಬೇರು ಬಂದಂತೆ.

ಒಂದು ಎಲೆ ಸಾಕೇ?

ಕಾಂಡದಿಂದ ಬಿಡಿಸಿದ ಎಲೆಗಳೂ ಗಿಡವಾಗಬಲ್ಲವು. ಕಾಡುಬಸಳೆಯ ಎಲೆ ಅಂಚಿನ ಕಚ್ಚುಗಳಲ್ಲಿ ಸಾಲಾಗಿ ಮರಿ ಏಳುವುದನ್ನು ಶಾಲೆಯ ವಿಜ್ಞಾನ ಪಾಠದಲ್ಲಿ ನೋಡಿದ್ದೇವೆ. ಪುಸ್ತಕದ ನಡುವೆ ಇಟ್ಟ ಎಲೆಯೂ ಮೊಳೆಯುತ್ತದೆ. ಎಚೆವೆರಿಯಾ, ಗ್ರಾಪ್ಟೊಪೆಟಲಮ್, ಸೆಡಮ್, ಜೇಡ್ ಗಿಡಗಳಲ್ಲಿ ಮರಿ ಬರುವುದು ಅಂಚಿನಲ್ಲಲ್ಲ, ಎಲೆ ಕಾಂಡಕ್ಕೆ ಅಂಟಿಕೊಂಡಿರುವ ಬುಡದಲ್ಲಿ.

ಹಾಗಾಗಿ ಎಲೆ ಬಿಡಿಸುವ ಕೈಗುಣವೇ ಇಲ್ಲಿ ಮುಖ್ಯ. ಎಲೆಯನ್ನು ಬುಡದ ಹತ್ತಿರ ಎರಡು ಬೆರಳಲ್ಲಿ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ಆಡಿಸಿ. ಚಟ್ ಎಂದು ಸಣ್ಣ ಸದ್ದಿನೊಂದಿಗೆ ಅದು ಇಡಿಯಾಗಿ ಕಳಚಬೇಕು. ಬುಡ ಹರಿದು ಕಾಂಡದಲ್ಲೇ ಉಳಿದರೆ ಆ ಎಲೆ ಬೇರು ಬಿಟ್ಟರೂ ಗಿಡ ಕೊಡುವುದಿಲ್ಲ.

ಇಡಿಯಾದ ಎಲೆಗಳನ್ನು ಎರಡು ಮೂರು ದಿನ ಒಣಗಿಸಿ, ಅಗಲ ತಟ್ಟೆಯಲ್ಲಿ ಮಣ್ಣಿನ ಮಿಶ್ರಣದ ಮೇಲೆ ಸುಮ್ಮನೆ ಮಲಗಿಸಿ. ಹೂಳಬೇಡಿ. ಎರಡು ಮೂರು ವಾರಕ್ಕೆ ಬುಡದಿಂದ ಗುಲಾಬಿ ಬಣ್ಣದ ದಾರದಂಥ ಬೇರು, ಆಮೇಲೆ ಅಕ್ಕಿಕಾಳಿನಷ್ಟು ದೊಡ್ಡ ಮರಿ ಕಾಣುತ್ತದೆ. ಕೆಲವು ಎಲೆ ಮರಿ ಮೊದಲು ಕೊಟ್ಟು ಬೇರು ತಡಮಾಡುತ್ತವೆ, ಕೆಲವು ಸುಮ್ಮನೆ ಒಣಗಿ ಹೋಗುತ್ತವೆ. ಬೇರು ಕಂಡ ಮೇಲೆ ಸ್ಪ್ರೇ ಬಾಟಲಿಯಿಂದ ಬೇರಿನ ಬಳಿ ಮಣ್ಣು ತೇವ ಮಾಡಿದರೆ ಸಾಕು. ತಾಯಿ ಎಲೆ ತನ್ನಲ್ಲಿದ್ದುದನ್ನೆಲ್ಲ ಮರಿಗೆ ಕೊಟ್ಟು ತಾನಾಗಿ ಸುರುಟಿ ಉದುರುವವರೆಗೆ ಕೀಳಬೇಡಿ. ಅಂಗೈಗೆ ಬರುವಷ್ಟು ಗಿಡವಾಗಲು ಆರು ತಿಂಗಳಿಂದ ವರ್ಷ ಬೇಕು.

ಎಲ್ಲ ಸಕ್ಯುಲೆಂಟಿಗೂ ಈ ದಾರಿ ಒಗ್ಗುವುದಿಲ್ಲ. ಲೋಳೆಸರ, ಕತ್ತಾಳೆಗಳ ಎಲೆಯಿಂದ ಗಿಡ ಬರುವುದಿಲ್ಲ. ಬುಡದಲ್ಲಿ ಏಳುವ ಮರಿಗಳನ್ನೇ ಬಿಡಿಸಬೇಕು. ಹಳದಿ ಅಂಚಿನ ಸ್ನೇಕ್ ಪ್ಲಾಂಟ್‌ನ ಎಲೆ ತುಂಡು ಬೇರು ಬಿಡುತ್ತದೆ, ಆದರೆ ಹೊಸ ಗಿಡದಲ್ಲಿ ಆ ಹಳದಿ ಪಟ್ಟಿ ಇರುವುದಿಲ್ಲ. ಕಳ್ಳಿಯ ಜಾತಿಯವನ್ನು ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ. ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ.

ಮಣ್ಣಿಗೆ ಕ್ರಷರ್ ಸೀಮೆಯ ಸಾಮಾನು

ನರ್ಸರಿಯಿಂದ ಬರುವ ಗಿಡಗಳು ಸಾಮಾನ್ಯವಾಗಿ ಬರೀ ಕೊಕೊಪೀಟಿನಲ್ಲಿರುತ್ತವೆ. ಸಾಗಿಸಲು ಹಗುರ ಎಂಬುದು ಅದರ ಅನುಕೂಲ. ಮನೆಯಲ್ಲಿ ಅದು ತೊಂದರೆ: ಒದ್ದೆಯಾದರೆ ಬೇಗ ಆರುವುದಿಲ್ಲ, ಪೂರ್ತಿ ಒಣಗಿದರೆ ನೀರನ್ನೇ ಹೀರುವುದಿಲ್ಲ.

ಒಂದು ಪಾಲು ಕೆಂಪುಮಣ್ಣು, ಒಂದು ಪಾಲು ಕೊಕೊಪೀಟ್ ಅಥವಾ ಚೆನ್ನಾಗಿ ಕಳಿತ ಗೊಬ್ಬರ, ಎರಡು ಪಾಲು ದಪ್ಪ ಮರಳು ಹಾಗೂ ಸಣ್ಣ ಕಲ್ಲು ಸೇರಿಸಿದರೆ ಒಳ್ಳೆಯ ಮಿಶ್ರಣವಾಗುತ್ತದೆ. ಕಲ್ಲಿಗೆ ಈ ಭಾಗದಲ್ಲಿ ಬರವಿಲ್ಲ. ಕಟ್ಟಡ ಕೆಲಸ ನಡೆಯುವಲ್ಲಿ ಸಿಗುವ ಬೇಬಿ ಜಲ್ಲಿಯನ್ನು ತೊಳೆದು ಬಳಸಬಹುದು. ಹೊಳೆಮರಳು ಸಿಗುವುದು ಕಷ್ಟ, ಎಂ-ಸ್ಯಾಂಡ್ ಎಲ್ಲೆಡೆ ಇದೆ. ಆದರೆ ಅದರಲ್ಲಿ ಕಲ್ಲುಪುಡಿ ಹೆಚ್ಚು. ಜರಡಿ ಹಿಡಿದು, ಬಕೆಟ್ಟಿನಲ್ಲಿ ನೀರು ತಿಳಿಯಾಗುವವರೆಗೆ ತೊಳೆಯದಿದ್ದರೆ ಕುಂಡದಲ್ಲಿ ಗಟ್ಟಿಯಾಗಿ ಕೂತು ಬೇರಿಗೆ ಉಸಿರು ಕಟ್ಟಿಸುತ್ತದೆ. ಕ್ರಷರ್ ದೂಳನ್ನಂತೂ ಹಾಕಲೇಬೇಡಿ.

ಕುಂಡದ ತಳದಲ್ಲಿ ತೂತು ಇರಲೇಬೇಕು. ತೂತಿಲ್ಲದ ಪಿಂಗಾಣಿ ಬಟ್ಟಲಿಗೆ ತಳದಲ್ಲಿ ಜಲ್ಲಿ ಹಾಸಿದರೆ ಆಯಿತು ಎಂದು ಹೇಳುವವರಿದ್ದಾರೆ. ಜಲ್ಲಿಯ ಮೇಲಿನ ಮಣ್ಣು ನೀರನ್ನು ಹಿಡಿದಿಟ್ಟುಕೊಂಡೇ ಇರುತ್ತದೆ, ಮಿಕ್ಕದ್ದು ತಳದಲ್ಲಿ ನಿಲ್ಲುತ್ತದೆ. ಮಣ್ಣಿನ ಕುಂಡ ಎಲ್ಲಕ್ಕಿಂತ ಒಳ್ಳೆಯದು. ಅದರ ಗೋಡೆಯೂ ತೇವ ಹೊರಬಿಡುತ್ತದೆ.

ನೀರಿಗೆ ವಾರದ ಲೆಕ್ಕ ಬೇಡ. ಅಗರಬತ್ತಿ ಕಡ್ಡಿಯನ್ನು ತಳದವರೆಗೆ ಚುಚ್ಚಿ ತೆಗೆದಾಗ ಮಣ್ಣು ಅಂಟದಿದ್ದರೆ, ಕೆಳಗಿನ ಎಲೆ ಒತ್ತಿದಾಗ ಮೆತ್ತಗಿದ್ದರೆ, ಆಗ ತೂತಿನಿಂದ ಹರಿಯುವಷ್ಟು ನೀರು ಕೊಟ್ಟು ಮತ್ತೆ ಮರೆತುಬಿಡಿ.

ದೂಳು, ಬೂದಿ, ಹಿಟ್ಟು

ಎಚೆವೆರಿಯಾ, ಗ್ರಾಪ್ಟೊಪೆಟಲಮ್ ಎಲೆಗಳ ಮೇಲೆ ತೆಳು ಬೂದುಬಣ್ಣದ ಲೇಪವಿರುತ್ತದೆ. ಅದು ಗಿಡವೇ ಸೂಸಿದ ಮೇಣ. ಬಿಸಿಲು ಮತ್ತು ತೇವದಿಂದ ಕಾಪಾಡುವುದು ಅದರ ಕೆಲಸ. ರಸ್ತೆಯ ದೂಳೆಂದು ಬಟ್ಟೆಯಿಂದ ಒರೆಸಿದರೆ ಬೆರಳಚ್ಚು ಉಳಿಯುತ್ತದೆ, ಆ ಎಲೆಗೆ ಮೇಣ ಮರಳಿ ಬರುವುದಿಲ್ಲ. ನಿಜವಾದ ದೂಳು ಕೂತಿದ್ದರೆ ಮೆದು ಬ್ರಷ್‌ನಿಂದ ತಟ್ಟಿ ಉದುರಿಸಿ.

ಎಲೆ ಸಂದಿಯಲ್ಲಿ ಹತ್ತಿಯ ಚೂರಿನಂತೆ ಕಂಡರೆ ಅದು ಹಿಟ್ಟು ತಿಗಣೆ. ರೇಷ್ಮೆ ಬೆಳೆಗಾರರಿಗೆ ಇದು ಹಳೆಯ ವೈರಿ. ಹಿಪ್ಪುನೇರಳೆಯ ಕುಡಿ ಮುದುಡಿಸುವ ‘ತುಕ್ರಾ’ ಇದರ ಬಳಗದ ಗುಲಾಬಿ ಹಿಟ್ಟು ತಿಗಣೆಯ ಕೆಲಸ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯ ಹಿಟ್ಟು ತಿಗಣೆ ದಕ್ಷಿಣದ ಹಿಪ್ಪುನೇರಳೆ ತೋಟಗಳನ್ನೂ ಕಾಡಿತು. 2010ರಲ್ಲಿ ಪೋರ್ಟೊ ರಿಕೊದಿಂದ ಬೆಂಗಳೂರಿಗೆ ತರಿಸಿ ಬಿಟ್ಟ ಪುಟಾಣಿ ಪರಾವಲಂಬಿ ಕಣಜ ಅದನ್ನು ಹತೋಟಿಗೆ ತಂದಿತು.

ಕುಂಡದ ಗಿಡಕ್ಕೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ ತೆಗೆಯಿರಿ, ಐದಾರು ದಿನಕ್ಕೊಮ್ಮೆ, ಕಾಣಿಸದಾಗುವವರೆಗೆ. ಅಂಗಡಿಯ ಕೀಟನಾಶಕ ತಂದು ಸಿಂಪಡಿಸುವ ಮುನ್ನ ಅಕ್ಕಪಕ್ಕ ನೋಡಿ. ಹಾರೋಹಳ್ಳಿಯ ಸುತ್ತಮುತ್ತಲ ಊರುಗಳಲ್ಲಿ ಹುಳು ಸಾಕುವ ಮನೆಗಳಿವೆ. ಗಾಳಿಯಲ್ಲಿ ತೇಲಿಹೋದ ಕೀಟನಾಶಕ ಸೊಪ್ಪಿನ ಮೇಲೆ ಕೂತರೂ ರೇಷ್ಮೆಹುಳು ಉಳಿಯುವುದಿಲ್ಲ.

ಯಾವಾಗ ಮಾಡಬೇಕು? ಮಿಕ್ಕದ್ದು ಎಲ್ಲಿಗೆ?

ನಮ್ಮ ಕಡೆ ಮಳೆ ಜೋರಾಗುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಆ ತೇವದಲ್ಲಿ ಗಾಯ ಒಣಗುವುದು ಕಷ್ಟ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಎಳೆ ಮರಿ ಬೇಯುತ್ತದೆ. ಹಿಂಗಾರು ಕಳೆದು ಆಕಾಶ ತಿಳಿಯಾಗುವ ನವೆಂಬರ್ ನಡುವಿನಿಂದ ಫೆಬ್ರವರಿವರೆಗೆ ಪ್ರಶಸ್ತ ಕಾಲ. ಕೊಳೆ ಹತ್ತಿದ ಗಿಡ ಮಾತ್ರ ಯಾವ ತಿಂಗಳೂ ಕಾಯುವುದಿಲ್ಲ. ಅದನ್ನು ಕಂಡ ದಿನವೇ ಕತ್ತರಿಸಬೇಕು.

ಒಳಗಿದ್ದ ಗಿಡವನ್ನು ಒಮ್ಮೆಲೇ ತಾರಸಿಯ ಬಿಸಿಲಿಗೆ ಇಡಬೇಡಿ. ಎಲೆಯ ಮೇ‌ಲೆ ಬಿಳಿ, ಕಂದು ಸುಟ್ಟ ಕಲೆ ಬೀಳುತ್ತದೆ, ಅದು ಮಾಯುವುದಿಲ್ಲ. ಮೊದಲ ವಾರ ಬೆಳಗಿನ ಒಂದು ಗಂಟೆ, ಮುಂದಿನ ವಾರ ಎರಡು ಗಂಟೆ, ಹೀಗೆ ಒಂದು ತಿಂಗಳಲ್ಲಿ ಒಗ್ಗಿಸಿ.

ಹೆಚ್ಚಾದ ತುಂಡುಗಳನ್ನು ರಸ್ತೆ ಬದಿಗೆ, ಬಂಡೆಯ ಪಕ್ಕಕ್ಕೆ ಎಸೆಯುವುದು ತರವಲ್ಲ. ಬೇರು ಬಿಡುವುದೇ ಇವುಗಳ ಸ್ವಭಾವ. ಅಮೆರಿಕದಿಂದ ಬಂದ ಪಾಪಾಸುಕಳ್ಳಿ ದಕ್ಷಿಣ ಭಾರತದ ಹೊಲ, ಗೋಮಾಳಗಳನ್ನು ಆಕ್ರಮಿಸಿದಾಗ ಅದನ್ನು ತಿನ್ನುವ ಕೊಚಿನೀಲ್ ಕೀಟವನ್ನು 1926ರಲ್ಲಿ ಶ್ರೀಲಂಕಾದಿಂದ ತರಿಸಬೇಕಾಯಿತು. ಮಡಗಾಸ್ಕರ್ ಮೂಲದ ಕಲಾಂಚೊಗಳು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕಳೆಯಾಗಿ ಹಬ್ಬಿ, ತಿಂದ ದನಗಳು ಸತ್ತಿವೆ. ರಾಮನಗರದ ಗ್ರಾನೈಟ್ ಬೆಟ್ಟಗಳಲ್ಲಿ ಮಂಗರವಳ್ಳಿಯಂಥ ನಮ್ಮದೇ ರಸಕಾಂಡದ ಗಿಡಗಳಿವೆ. ಅವುಗಳ ಜಾಗಕ್ಕೆ ಆಫೀಸಿನ ಮಿಕ್ಕವುಗಳನ್ನು ಕಳಿಸುವುದು ಬೇಡ. ದನ ಮೇಯುವ ಕಡೆಗಂತೂ ಕಾಡುಬಸಳೆ, ಕಲಾಂಚೊ ತುಂಡುಗಳು ಹೋಗಲೇಬಾರದು.

ಗಿಡ ಹೆಚ್ಚಾದರೆ ಆಫೀಸಿಗೆ ಅದರಿಂದಲೇ ಒಂದು ಅನುಕೂಲವಿದೆ. ಮೂರು ನಾಲ್ಕು ತಂಡ ಮಾಡಿ. ಒಂದು ತಂಡ ಒಂದು ವಾರ ಮೇಜಿನ ಮೇಲೆ, ಉಳಿದವು ಮೆಟ್ಟಿಲ ಬಳಿಯ ಪೂರ್ವದ ಕಿಟಕಿಯಲ್ಲೋ ಕ್ಯಾಂಟೀನಿನ ಜಗಲಿಯಲ್ಲೋ. ವಾರಕ್ಕೆ ಹೆಚ್ಚು ಯಾವ ಗಿಡವೂ ಒಳಗಿರಬಾರದು, ಹೊರಗೆ ಕನಿಷ್ಠ ಎರಡು ಮೂರು ವಾರ ಇರಬೇಕು. ಪಾಳಿ ಬದಲಾವಣೆ ಗೊತ್ತಿರುವ ಕಾರ್ಖಾನೆಯಲ್ಲಿ ಇದು ಕಷ್ಟದ ಕೆಲಸವೇನಲ್ಲ.

ಅಂಥ ಕಿಟಕಿಯೇ ಇಲ್ಲದ ಕಟ್ಟಡವಾದರೆ ಕತ್ತರಿಸಿ ನೆಟ್ಟ ಹೊಸ ಗಿಡವೂ ಬೇಗನೆ ಹಳೆಯದರಂತೆಯೇ ನೀಳವಾಗುತ್ತದೆ. ಆಗ ಮರಿಗಳನ್ನು ಮನೆಯಲ್ಲಿ ತಾರಸಿಯೋ ಅಂಗಳವೋ ಇರುವ ಸಹೋದ್ಯೋಗಿಗಳಿಗೆ ಹಂಚಿ, ಮೇಜಿಗೆ ಮನಿ ಪ್ಲಾಂಟನ್ನೋ ಝೀಝೀ ಗಿಡವನ್ನೋ ತನ್ನಿ. ಅವು ಮಂದ ಬೆಳಕನ್ನು ಸಹಿಸಿಕೊಳ್ಳುತ್ತವೆ.